ಬಿ.ವೈ.ಇ. ವಿರುದ್ಧ ಮೂರು–ಸೊನ್ನೆ

ಹೊಟ್ಟೆಕಿಚ್ಚಿಗೆ ಇಂಥದೇ ಕಾರಣ ಬೇಕು ಅಂತಿಲ್ಲ. ನೆರೆಯವನು ಎಮ್ಮೆ ತಂದರೆ ಉರಿಯುವವರಿದ್ದಾರೆ. ಭಾವನ ಮಗನಿಗೆ ನೌಕರಿ ಆಯಿತೆಂದು ಪೇಢೆ ಮುಟ್ಟದೆ ಎದ್ದು ಬಂದವರಿದ್ದಾರೆ. ಇಂಡಿ ಊರಿನ ಟೇಲರ್ ಸುಭಾಸ ಮಾತ್ರ ಇವರೆಲ್ಲರನ್ನೂ ಮೀರಿಸಿದ. ಏಳು ಸಮುದ್ರದಾಚೆಯ ಒಂದು ಫುಟ್‌ಬಾಲ್ ಕ್ಲಬ್ಬಿನ ಸಲುವಾಗಿ, ಅದೂ ಹೋದಲ್ಲೆಲ್ಲ ಸೋತು ಬರುವ ಕ್ಲಬ್ಬಿನ ಸಲುವಾಗಿ, ಅವನು ಹೊಟ್ಟೆ ಸುಟ್ಟುಕೊಂಡ.

ಕ್ಲಬ್ಬಿನ ಹೆಸರು ಸಾಲೋಟಾ. ಊರಿನ ಹೆಸರೂ ಅದೇ. ಬಾಲ್ಟಿಕ್ ಸಮುದ್ರದ ಕಡೆಗಿನ ಸಣ್ಣ ದೇಶವೊಂದರ ಸಣ್ಣ ಊರು. ನಮ್ಮ ಹೂವಿನ ಹಿಪ್ಪರಗಿಯನ್ನು ಎತ್ತಿ ಅಲ್ಲಿಟ್ಟರೆ ಜನಸಂಖ್ಯೆ ಸರಿಹೋಗುತ್ತದೆ, ಚಳಿಗೆ ಮಾತ್ರ ನಮ್ಮವರು ಯಾರೂ ಉಳಿಯುವುದಿಲ್ಲ. ಇಂಡಿಯ ಮಗ್ಗುಲಲ್ಲೇ ಸಾಲೋಟಗಿ ಇರುವುದರಿಂದ ಮೊದಲ ಸಲ ಹೆಸರು ಕೇಳಿದವರೆಲ್ಲ, "ಸಾಲೋಟಗ್ಯಾಗ ಫುಟ್‌ಬಾಲ್ ಯಾವಾಗ ಚಾಲೂ ಆತು?" ಅನ್ನುತ್ತಿದ್ದರು. ಸುಭಾಸ ಕತ್ತರಿ ಕೆಳಗಿಟ್ಟು, "ಸಾಲೋಟಗಿ ಅಲ್ಲೋ ಮಾರಾಯಾ, ಸಾಲೋಟಾ. ಯುರೋಪ!" ಅನ್ನುತ್ತಿದ್ದ. ಯುರೋಪ ಅನ್ನುವಾಗ ಅವನ ಕುತ್ತಿಗೆ ತಾನಾಗಿ ಎರಡು ಬೆರಳು ಉದ್ದವಾಗುತ್ತಿತ್ತು.

ಇದೆಲ್ಲ ಶುರುವಾದದ್ದು ದೇವರ ಹಿಪ್ಪರಗಿಯ ಸಂತೆಯಲ್ಲಿ. ಪರದೇಶದವರು ಉಟ್ಟು ಬಿಟ್ಟ ಬಟ್ಟೆ ಗಂಟುಗಂಟಾಗಿ ಬಂದು ಅಲ್ಲಿ ತಾಡಪತ್ರಿಯ ಮೇಲೆ ರಾಶಿ ಬೀಳುತ್ತಿತ್ತು. ಹದಿನೈದು ವರ್ಷದ ಹಿಂದೆ ಆ ರಾಶಿಯಲ್ಲಿ ಕೈಯಾಡಿಸುತ್ತಿದ್ದ ಸುಭಾಸನಿಗೆ ಹಣ್ಣಾದ ನಿಂಬೆಯ ಬಣ್ಣದ ಒಂದು ಅಂಗಿ ಸಿಕ್ಕಿತು. ನಿಂಬೆಯೆಂದರೆ, ನಿಂಬೆಗೇ ಹೆಸರಾದ ಇಂಡಿಯವರಿಗೆ ಹೇಳಿಕೊಡಬೇಕೇ? ಅವನು ಬಣ್ಣಕ್ಕೆ ಮರುಳಾದ. ಆಮೇಲೆ ಟೇಲರನ ಚಟದಂತೆ ಅಂಗಿಯನ್ನು ಒಳಮೈ ಹೊರಗೆ ಮಾಡಿ ಹೊಲಿಗೆ ನೋಡಿದ. ಹೆಗಲಿನ ಹೊಲಿಗೆ ಎಷ್ಟು ನುಣುಪಾಗಿತ್ತೆಂದರೆ ಬೆರಳಿಗೆ ಸಿಗಲಿಲ್ಲ. ಇಂಥ ಹೊಲಿಗೆ ಹಾಕುವ ಜನ ಕೆಟ್ಟವರಿರಲಾರರು ಅಂದುಕೊಂಡು ಕೊಂಡು ತಂದ.

ಎದೆಯ ಮೇಲಿನ ಹೆಸರನ್ನು ಬಸ್‌ಸ್ಟ್ಯಾಂಡ್ ಹತ್ತಿರದ ಸೈಬರ್ ಕೆಫೆಯಲ್ಲಿ ಹುಡುಕಿಸಿದಾಗ ಕ್ಲಬ್ಬಿನ ಪುರಾಣವೆಲ್ಲ ಪರದೆಯ ಮೇಲೆ ಬಂತು. ಸುಭಾಸನಿಗೆ ಇಂಗ್ಲಿಷು ಅಕ್ಷರ ಕೂಡಿಸಿಕೊಂಡು ಓದುವಷ್ಟು ಬರುತ್ತಿತ್ತು. ಸಾಲೋಟಾ ನಾಲ್ಕು ಸಲ ಯುರೋಪಿನ ದೊಡ್ಡ ಟೂರ್ನಿಗೆ ಹೋಗಿತ್ತು. ಮೊದಲ ಸಲ ಗೋಲು ತಿಂದು ತಿಂದು ಹೊಟ್ಟೆ ತುಂಬಿ ಬಂತು. ಮೂರನೇ ಸಲ ತಮ್ಮೂರಿನಲ್ಲಿ ಒಂದು–ಒಂದು ಸಮ ಮಾಡಿ, ಎದುರಾಳಿಯ ಊರಿಗೆ ಹೋಗಿ ಆರು ತಿಂದಿತು. ನಾಲ್ಕನೇ ಸಲದ ಸುದ್ದಿ ಕೇಳಬೇಡಿ. ಆದರೆ ಎರಡನೇ ಸಲ! ಎರಡನೇ ಸಲ ಮೊದಲ ಸುತ್ತಿನಲ್ಲಿ ಎದುರಾಳಿಯ ಜಾಗದಲ್ಲಿ ಬಿ.ವೈ.ಇ. ಅಂತಿತ್ತು, ಮುಂದೆ, "ಎರಡನೇ ಸುತ್ತಿಗೆ ಹೋಯಿತು" ಅಂತಿತ್ತು. ಹೋಯಿತು ಅಂದಮೇಲೆ ಗೆದ್ದಿತು ಅಂತಲೇ ಅಲ್ಲವೆ? ಆ ಕಡೆಯ ಕ್ಲಬ್ಬುಗಳ ಹೆಸರೆಲ್ಲ ಹೀಗೇ, ಎಫ್.ಕೆ. ಅಂತೆ, ಎನ್.ಕೆ. ಅಂತೆ. ಬಿ.ವೈ.ಇ. ಕೂಡ ಅಂಥದ್ದೊಂದು ಮೂರಕ್ಷರದ ಗಂಡು ಕ್ಲಬ್ಬು ಎಂದು ಸುಭಾಸ ತಿಳಿದ.

ಸ್ಕೋರು ಇರಬೇಕಾದ ಕಡೆ ಮಾತ್ರ ಬರೀ ಒಂದು ಗೀಟಿತ್ತು. ಬಟ್ಟೆ ಕಡಿಮೆ ಬಿದ್ದ ಕಡೆ ತೇಪೆ ಹಚ್ಚುವುದು ಟೇಲರನ ಧರ್ಮ. ಸುಭಾಸ ಮೂರು–ಸೊನ್ನೆ ಎಂದು ಹಚ್ಚಿದ.

ತೇಪೆ ಹಚ್ಚಿದ ಮೇಲೆ ಅದಕ್ಕೆ ಕಸೂತಿ ಬೇಡವೆ? ವರ್ಷ ಕಳೆದಂತೆ ಆ ಮ್ಯಾಚಿಗೆ ಜಿಟಿಜಿಟಿ ಮಳೆ ಬಂತು. ಕ್ಯಾಪ್ಟನ್ ಒಂದು ಕಾಲಿನ ಬೂಟು ಕಿತ್ತುಹೋದರೂ ಬರಿಗಾಲಲ್ಲಿ ಮೂರನೇ ಗೋಲು ಹೊಡೆದ. ಬಿ.ವೈ.ಇ. ಗೋಲ್‌ಕೀಪರ್ ಕಂಬ ಹಿಡಿದು ಅತ್ತ. ಹೊಲಿಗೆ ಯಂತ್ರ ತುಳಿಯುತ್ತ ಸುಭಾಸ ಇದನ್ನು ಹೇಳುತ್ತಿದ್ದರೆ, ನಿಂಬೆ ವ್ಯಾಪಾರಿ ಇಬ್ರಾಹಿಂಸಾಬನ ಮಗ ತಬ್ರೇಜ ಸಾಲೆ ಬಿಟ್ಟ ಕೂಡಲೇ ಬಂದು ಕತ್ತರಿಸಿದ ಚಿಂದಿಯ ಗುಡ್ಡೆಯ ಮೇಲೆ ಕೂತು ಕೇಳುತ್ತಿದ್ದ. "ಮತ್ತ ಹೇಳ್ರಿ ಕಾಕಾ, ಬೂಟು ಕಿತ್ತಿದ್ದು ಹೇಳ್ರಿ," ಅನ್ನುತ್ತಿದ್ದ. ಊರಲ್ಲಿ ಇನ್ನೊಬ್ಬನಿಗೆ ಸಾಲೋಟಾದ ಹುಚ್ಚು ಹಿಡಿಸಿದ್ದು ಹೀಗೆ, ಸುಭಾಸನ ಕೈಯಿಂದಲೇ.

ಆ ತಬ್ರೇಜ ಈಗ ದೊಡ್ಡವನಾಗಿ ಬಸ್‌ಸ್ಟ್ಯಾಂಡ್ ಎದುರು ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಬಿಡುವಿದ್ದಾಗ ಸಾಲೋಟಾದ ಬಗ್ಗೆ ನಮ್ಮ ಮಾತಿನಲ್ಲಿ ಸಣ್ಣಸಣ್ಣ ವಿಡಿಯೋ ಮಾಡಿ ಹಾಕುತ್ತಾನೆ. ನಿಂಬೆಯ ರಾಶಿಯ ಮೇಲೆ ಕ್ಲಬ್ಬಿನ ಬಾವುಟ ಊರಿ ಅವನು ಮಾಡಿದ ಒಂದು ವಿಡಿಯೋ ಅದು ಹೇಗೋ ಸಾಲೋಟಾದವರ ಕಣ್ಣಿಗೆ ಬಿತ್ತು. ಅಲ್ಲಿಂದ ಸುಭಾಸನ ನಿದ್ದೆಗೆ ಕೇಡು ಬಂತು.

ಸುದ್ದಿ ತಂದವನು ಚಮನಸಾಬ. ನಿಂಬೆಯ ದಲಾಲಿ ಅವನ ಕಸುಬು. ಆದರೆ ಹುಳಿ ಹಿಂಡುವುದರಲ್ಲಿ ಅವನ ಮುಂದೆ ಇಂಡಿಯ ನಿಂಬೆಯೂ ಸಪ್ಪೆ. ಸುಭಾಸನ ಅಂಗಡಿಯ ಬೆಂಚಿನ ಮೇಲೆ ಕೂತು, ಚಹಾ ಆರಿಸಿಕೊಳ್ಳುತ್ತ ಶುರು ಮಾಡಿದ.

"ಕೇಳಿದ್ಯೇನೋ ಸುಭಾಸಾ? ತಬ್ರೇಜಗ ಸಾಲೋಟಾದಿಂದ ಪಾರ್ಸಲ್ ಬಂದೈತಿ. ಹೊಸ ಅಂಗಿ, ಮಫ್ಲರು. ಉಣ್ಣೇದು ಮಫ್ಲರು! ಈ ಬಿಸಲಾಗ ಕೊರಳಿಗೆ ಸುತಗೊಂಡು ಬಜಾರದಾಗ ತಿರಗ್ಯಾಡಾಕತ್ತಾನ."

"ಹೌದಾ," ಅಂದ ಸುಭಾಸ. ಸೂಜಿಗೆ ದಾರ ಪೋಣಿಸುತ್ತಿದ್ದ. ದಾರ ಹೋಗಲಿಲ್ಲ.

"ಫೋನಿನಾಗ ಫೋಟೋ ಹಾಕ್ಯಾರ. 'ನಮ್ಮ ಗೆಳೆಯ, ಇಂಡಿ, ಇಂಡಿಯಾ' ಅಂತ. ಚಹಾದಂಗಡಿ ಸೋಮನಿಂಗ ಅಂತಾನ, ತಪ್ಪಿ ಎರಡು ಸಲ ಬರದಾರ ಅಂತ."

ಸುಭಾಸ ನಗಲಿಲ್ಲ. ದಾರದ ತುದಿಯನ್ನು ಬಾಯಲ್ಲಿಟ್ಟು ಒದ್ದೆ ಮಾಡಿ ಮತ್ತೆ ಪೋಣಿಸಿದ. ಮತ್ತೆ ಹೋಗಲಿಲ್ಲ.

"ಇನ್ನೊಂದು ಐತಿ," ಅಂದ ಚಮನಸಾಬ, ಕಡೆಯ ಹನಿ ಹಿಂಡುವವನಂತೆ. "ಇಷ್ಟು ವರ್ಷದ ಮ್ಯಾಲ ಸಾಲೋಟಾ ಮತ್ತ ಯುರೋಪ ಟೂರ್ನಿಗೆ ಹೊಂಟೈತಲ್ಲ, ಗುರುವಾರ ಸಂಜಿ ಮ್ಯಾಚ. ಮ್ಯಾಚಿಗಿಂತ ಮೊದಲ ಅವರ ಕ್ಲಬ್ಬಿನ ಹಿರಿ ಮನಷ್ಯಾ ವಿಡಿಯೋದಾಗ ತಬ್ರೇಜನ ಜೋಡಿ ಮಾತಾಡ್ತಾನಂತ. ನಿಮ್ಮೂರಾಗ ನಮ್ಮ ಕ್ಲಬ್ಬಿನ ಮೊದಲನೇ ಮನಷ್ಯಾ ಯಾರು ಅಂತ ಕೇಳಿ, ಆ ಹೆಸರು ಅಲ್ಲಿ ಮೈದಾನದ ಮೈಕಿನಾಗ ಕೂಗ್ತಾರಂತ."

ಮೈಕಿನಲ್ಲಿ ಹೆಸರು ಕೂಗುವುದು! ಓದುವವರಿಗೆ ಇದು ಸಣ್ಣ ಮಾತು ಅನ್ನಿಸಬಹುದು. ಮದುವೆಯಲ್ಲಿ ಆಹೇರಿ, ಅಂದರೆ ಉಡುಗೊರೆ, ಮಾಡಿದವರ ಹೆಸರು ಕೂಗುವಾಗ ಒಂದು ಹೆಸರು ಬಿಟ್ಟುಹೋಗಿ, ಬೀಗರು ಬೀಗರು ಮೂರು ವರ್ಷ ಮಾತು ಬಿಟ್ಟ ಸೀಮೆ ಇದು. ಸುಭಾಸನ ಹೆಸರು ಹುಟ್ಟಿದಾಗಿನಿಂದ ಯಾವ ಮೈಕಿನಲ್ಲೂ ಬಂದಿರಲಿಲ್ಲ. ಅವನಿಗೆ ಹೊಲವಿಲ್ಲ, ಪದವಿಯಿಲ್ಲ, ಪುರಸಭೆಯಲ್ಲಿ ಗುರುತಿನವರಿಲ್ಲ. ಊರಲ್ಲಿ ಬೇರೆ ಯಾರ ಹತ್ತಿರವೂ ಇಲ್ಲದ್ದು ಅವನ ಹತ್ತಿರ ಇದ್ದದ್ದು ಒಂದೇ, ಸಾಲೋಟಾ. ಈಗ ಅದಕ್ಕೂ ಪಾಲುಗಾರ ಬಂದ. ಪಾಲುಗಾರನಲ್ಲ, ಮಾಲೀಕ ಬಂದ. ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಬಂದು ಕೂತಹಾಗೆ.

"ಆಡದನ ಗೆದ್ದ ಮಗಾ ಆಂವ," ಅಂದ ಸುಭಾಸ. "ಬೆವರು ನನ್ನದು, ಮೆರವಣಿಗಿ ಅವಂದು."

"ನಾ ಏನ ಅಂದಿಲ್ಲಪಾ," ಅಂದು ಚಮನಸಾಬ ಚಹಾ ಮುಗಿಸಿ ಎದ್ದು ಹೋದ.

ಅವತ್ತು ಮನೆಗೆ ಬಂದಾಗ ಸುಭಾಸನ ಮುಖ ಮಜ್ಜಿಗೆ ಒಡೆದಂತಿತ್ತು. ಮಗಳು ಶಿವಾನಿಗೆ ಅದನ್ನು ನೋಡುವ ಪುರಸೊತ್ತಿರಲಿಲ್ಲ. ಅವಳು ಕಾಲೇಜಿನ ಕಬಡ್ಡಿ ಆಟಗಾರ್ತಿ. ಬಸವನ ಬಾಗೇವಾಡಿಯ ಪಂದ್ಯಾವಳಿಯಿಂದ ಆಗಷ್ಟೇ ಬಂದು ಅವ್ವನ ಮುಂದೆ ವರದಿ ಒಪ್ಪಿಸುತ್ತಿದ್ದಳು.

"ಮೊದಲ ರೌಂಡ್ ಆಡಲೇ ಇಲ್ಲಬೇ. ನಮಗ ಬೈ ಬಂತು."

"ಯಾರ ಬೈದ್ರ?" ರೇಣವ್ವ ಲಟ್ಟಣಿಗೆ ಹಿಡಿದೇ ಎದ್ದಳು. "ಹೆಣ್ಣ ಹುಡುಗ್ಯಾರನ್ನ ಕರಿಸಿ ಬೈತಾರೇನು?"

ಶಿವಾನಿ ಬಿದ್ದುಬಿದ್ದು ನಕ್ಕಳು. "ಬೈಯೋದಲ್ಲಬೇ! ಜೋಡಿ ಸಾಲದ್ದಕ್ಕ ಒಂದು ಟೀಮಿಗೆ ಎದುರಾಳಿ ಇರಂಗಿಲ್ಲ. ಅವರು ಆಡದನ ಮುಂದಿನ ರೌಂಡಿಗೆ ಹೋಗ್ತಾರ. ಅದಕ್ಕ ಬೈ ಅಂತಾರ."

"ಹಂಗಂದ್ರ ಚೊಲೋದ," ಅಂದು ರೇಣವ್ವ ಮತ್ತೆ ಚಪಾತಿಗೆ ಕೂತಳು. ಸುಭಾಸ ಇದನ್ನೆಲ್ಲ ಕೇಳಿಸಿಕೊಂಡ, ಆದರೆ ಒಳಗೆ ಬಿಟ್ಟುಕೊಳ್ಳಲಿಲ್ಲ. ಹೊಟ್ಟೆಕಿಚ್ಚಿನವನ ಕಿವಿಯಲ್ಲಿ ಬೇರೆಯವರ ಮಾತಿಗೆ ಜಾಗವಿರುವುದಿಲ್ಲ.

ಗೋಡೆಗೆ ಮುಖ ಮಾಡಿ ಕೂತು, ಯಾರಿಗೂ ಕೇಳದಂತೆ ದನಿ ಸಣ್ಣ ಮಾಡಿ, ತಬ್ರೇಜನ ವಿಡಿಯೋಗಳನ್ನು ಒಂದಾದಮೇಲೊಂದು ನೋಡಿದ. ಬೈಯುವುದಕ್ಕಾದರೂ ನೋಡಬೇಕಲ್ಲ. ಹುಡುಗ ಚೆನ್ನಾಗಿಯೇ ಹೇಳಿದ್ದ, ಅದು ಇನ್ನಷ್ಟು ಉರಿಸಿತು. ಒಂದು ವಿಡಿಯೋದಲ್ಲಿ ಸಾಲೋಟಾದ ಯುರೋಪಿನ ದಾಖಲೆಯನ್ನೆಲ್ಲ ಬಿಡಿಸಿಟ್ಟಿದ್ದ: ಮೊದಲ ಸಲದ ಸೋಲು, ಒಂದು–ಒಂದರ ಸಮ, ಆಮೇಲಿನ ಆರು ಗೋಲು. ಸುಭಾಸ ಅದನ್ನು ಮತ್ತೆ ಹಾಕಿ ನೋಡಿದ. ಇನ್ನೊಮ್ಮೆ ನೋಡಿದ. ಬಿ.ವೈ.ಇ. ಮ್ಯಾಚಿನ ಸುದ್ದಿಯೇ ಇರಲಿಲ್ಲ!

ಸಿಕ್ಕ ಮಗ, ಅಂದುಕೊಂಡ ಸುಭಾಸ. ಎಲ್ಲ ಸೋಲು ನೆನಪಿದೆ, ಒಂದೇ ಒಂದು ಗೆಲುವು ಮರೆತಿದ್ದಾನೆ. ಯುರೋಪಿನಲ್ಲಿ ಸಾಲೋಟಾ ಗೆದ್ದದ್ದು ಅದೊಂದೇ ಮ್ಯಾಚು. ಅದನ್ನು ಮರೆತವನು ಎಂಥ ಅಭಿಮಾನಿ? ಗುರುವಾರ ಸಂಜೆ ಊರ ಮುಂದೆ, ಆ ಯುರೋಪಿನ ಹಿರಿಯನ ಮುಂದೆ ಇದನ್ನೇ ಕೇಳಬೇಕು. ಆಗ ತಿಳಿಯುತ್ತದೆ ಮೊದಲಿನವನು ಯಾರು, ಹಿಂದಿನಿಂದ ಬಂದವನು ಯಾರು. ಬಹಳ ದಿನದ ಮೇಲೆ ಅವತ್ತು ಅವನಿಗೆ ಊಟ ರುಚಿಸಿತು, ಇನ್ನೊಂದು ಚಪಾತಿ ಹಾಕಿಸಿಕೊಂಡ.

ಮರುದಿನ ತಬ್ರೇಜನೇ ಅಂಗಡಿಗೆ ಬಂದ. ಕೊರಳಲ್ಲಿ ಮಫ್ಲರು ಇರಲಿಲ್ಲ, ಹೊಸ ಅಂಗಿ ಮಾತ್ರ ಇತ್ತು. ಸುಭಾಸ ಮಾತಾಡಿಸುವ ಮೊದಲು ಅಂಗಿಯ ಹೆಗಲು ನೋಡಿದ. ಹೊಲಿಗೆ ಉಬ್ಬಿತ್ತು, ಹಳೆಯದರ ಕೆಲಸ ಇದರಲ್ಲಿರಲಿಲ್ಲ. ಅಷ್ಟರಮಟ್ಟಿಗೆ ಸಮಾಧಾನವಾಯಿತು.

"ಕಾಕಾ, ಗುರುವಾರ ಬರ್ಬೇಕ್ರಿ. ನೀವು ಇಲ್ಲಂದ್ರ ನಡ್ಯಂಗಿಲ್ಲ."

"ನೋಡೂಣು. ಸಾಲಿ ಯೂನಿಫಾರ್ಮ್ ಭಾಳ ಅದಾವು."

"ಮತ್ತ ಕಾಕಾ, ಆ ಹಳೀ ಅಂಗಿ ಐತಲ್ರಿ, ಸಂತ್ಯಾಗ ಸಿಕ್ಕದ್ದು. ಅವತ್ತ ಒಂದಿಷ್ಟು ಕೊಡ್ತೀರೇನ್ರಿ? ಅವರಿಗೆ ತೋರಸ್ತೇನಿ."

ಓಹೋ, ಕತೆ ಆಯಿತು, ಊರು ಆಯಿತು, ಈಗ ಅಂಗಿಯೂ ಬೇಕೇನು? ಸುಭಾಸನ ಎದೆಯಲ್ಲಿ ಇಸ್ತ್ರಿಪೆಟ್ಟಿಗೆಯ ಕೆಂಡ ಬಿದ್ದಹಾಗಾಯಿತು. "ಅದೆಲ್ಲಿ ಐತೋ?" ಅಂದ. "ಹರದು ಚಿಂದಿ ಆತು. ನಿಮ್ಮ ಕಾಕು ಕಿಡಕಿ ಒರಸಾಕ ತಗೊಂಡ್ಲು."

ಅಂಗಿ ಟ್ರಂಕಿನಲ್ಲಿ, ಮಡಿಕೆ ಮುರಿಯದೆ, ಮದುವೆಯ ಧೋತರದ ಕೆಳಗೆ ಇತ್ತು. ತಬ್ರೇಜ ಒಂದು ಗಳಿಗೆ ಅವನ ಮುಖವನ್ನೇ ನೋಡಿದ. "ಇರ್ಲಿ ಬಿಡ್ರಿ. ನೀವು ಬರ್ರಿ, ಸಾಕು," ಅಂದು ಹೋದ. ಗುರುವಾರಕ್ಕೆಂದು ಅವನು ಹುಡುಗರಿಗೆಲ್ಲ ಹಳದಿ ಅಂಗಿ ಮಾಡಿಸಿದ್ದು ಸೋಲಾಪುರದಲ್ಲಿ ಎಂದು ಆಮೇಲೆ ಗೊತ್ತಾಯಿತು. ಊರಲ್ಲಿ ಟೇಲರ್ ಇರಲಿಲ್ಲವೇನು? ಬೇಡ ಬಿಡಿ, ಆ ಮಾತು ಎತ್ತಿದರೆ ಸುಭಾಸ ಇವತ್ತಿಗೂ ಹೊಲಿಗೆ ಯಂತ್ರ ಜೋರಾಗಿ ತುಳಿಯುತ್ತಾನೆ.

ಗುರುವಾರ ಸಂಜೆ ತಬ್ರೇಜನ ಅಂಗಡಿಯ ಮುಂದೆ ಹಳದಿ ಜಾತ್ರೆ. ಝಳಕಿಯಿಂದ, ಸಿಂದಗಿಯಿಂದ ಬೈಕಿನ ಮೇಲೆ ಹುಡುಗರು ಬಂದಿದ್ದರು. ಗೋಡೆಗೆ ದೊಡ್ಡ ಟಿ.ವಿ. ತೂಗುಹಾಕಿ ಫೋನಿಗೆ ಜೋಡಿಸಿದ್ದರು. ಎಲ್ಲಕ್ಕೂ ಮುಂದೆ ಒಂದು ಕುರ್ಚಿ ಖಾಲಿ, ಅದರ ಬೆನ್ನಿಗೆ ಆ ಉಣ್ಣೆಯ ಮಫ್ಲರು ಹೊದಿಸಿತ್ತು. ಯಾರೋ ದೊಡ್ಡ ಮನುಷ್ಯ ಬರುವವನಿದ್ದಾನೆ ಎಂದು ಸುಭಾಸ ತಿಳಿದ. ತಬ್ರೇಜ ಕೈಮಾಡಿ ಮುಂದೆ ಕರೆದರೂ ಹೋಗದೆ ಹಿಂದೆ, ಲೈಟಿನ ಕಂಬಕ್ಕೆ ಆನಿಕೊಂಡು ನಿಂತ. ಶಿವಾನಿ ತನ್ನ ಕಬಡ್ಡಿ ಗೆಳತಿಯರೊಂದಿಗೆ ಅಲ್ಲೇ ಪಕ್ಕದಲ್ಲಿದ್ದಳು. ಸುಭಾಸ ಬಿಳಿ ಅಂಗಿಯನ್ನು ಕೊರಳ ಗುಂಡಿಯವರೆಗೂ ಹಾಕಿಕೊಂಡು ಬೆವರುತ್ತಿದ್ದ. ಒಳಗೆ ಸಾಲೋಟಾದ ಹಳೆಯ ಅಂಗಿ ತೊಟ್ಟು ಬಂದಿದ್ದ. ಸರಿಯಾದ ಗಳಿಗೆಯಲ್ಲಿ ಮೇಲಿನದನ್ನು ಬಿಚ್ಚಿ ಎಲ್ಲರ ಬಾಯಿ ಮುಚ್ಚಿಸುವ ಯೋಚನೆ.

ಟಿ.ವಿ.ಯಲ್ಲಿ ಒಬ್ಬ ಮುದುಕ ಕಾಣಿಸಿದ. ಕೆಂಪು ಮೂಗು, ಬಿಳಿ ಗಡ್ಡ, ಹಳದಿ ಟೊಪ್ಪಿಗೆ. ಹೆಸರು ಯಾನಿಸ್. ಸಾಲೋಟಾದ ಮೈದಾನದ ಹುಲ್ಲು ಕತ್ತರಿಸುತ್ತ ಮುದುಕನಾದವನು, ಕ್ಲಬ್ಬಿನ ಒಂದೂ ಮ್ಯಾಚು ಬಿಟ್ಟವನಲ್ಲ ಎಂದು ತಬ್ರೇಜ ಜನರಿಗೆ ಹೇಳಿದ. ಯಾನಿಸ್ ತನ್ನ ಮುರುಕು ಇಂಗ್ಲಿಷಿನಲ್ಲಿ ಮಾತಾಡಿದ. ತಬ್ರೇಜ ಅದನ್ನು ನಮ್ಮ ಮಾತಿಗೆ ತಿರುಗಿಸಿದ. ನಿಂಬೆ ತೋರಿಸಿದರು, ಮುದುಕ ನಕ್ಕ. ಹುಡುಗರು ಸಿಳ್ಳೆ ಹೊಡೆದರು. ಕಡೆಗೆ ಯಾನಿಸ್ ಕೇಳಿದ, "ನಿಮ್ಮ ಊರಲ್ಲಿ ಮೊದಲು ಯಾರು?"

ತಬ್ರೇಜ ಗುಂಪಿನ ಹಿಂದಕ್ಕೆ ಕಣ್ಣು ಹಾಯಿಸಿ ಬಾಯಿ ತೆರೆದ. ಅವನು ಏನು ಹೇಳುತ್ತಾನೆಂದು ಕಾಯುವ ತಾಳ್ಮೆ ಸುಭಾಸನಿಗೆ ಎಲ್ಲಿಂದ ಬರಬೇಕು?

"ನಿಲ್ಲಪಾ ತಬ್ರೇಜ!" ಜನರನ್ನು ಸರಿಸಿಕೊಂಡು ಮುಂದೆ ಬಂದ. "ಹೆಸರು ಹೇಳೂಕಿಂತ ಮೊದಲ ನನ್ನದೊಂದು ಪ್ರಶ್ನಿ ಐತಿ. ಎಲ್ಲಾ ಸೋಲೂ ವಿಡಿಯೋದಾಗ ಹೇಳಿದಿ. ಬಿ.ವೈ.ಇ. ಮ್ಯಾಚ ಯಾಕ ಹೇಳಲಿಲ್ಲ? ಯುರೋಪಿನಾಗ ನಮ್ಮ ಕ್ಲಬ್ ಗೆದ್ದದ್ದ ಅದೊಂದ. ಅದು ಗೊತ್ತಿಲ್ಲದಾಂವ ಎಂಥಾ ಅಭಿಮಾನಿ?"

ಜನ ತಬ್ರೇಜನ ಕಡೆ ತಿರುಗಿದರು. ಚಮನಸಾಬ ಮಾತ್ರ ಸಂತೋಷದಿಂದ ಒಂದು ಹೆಜ್ಜೆ ಮುಂದೆ ಬಂದ. ತಬ್ರೇಜನ ಮುಖದ ಬಣ್ಣ ಇಳಿಯಿತು.

"ಕಾಕಾ, ಅದನ್ನ ಆಮ್ಯಾಲ ಮಾತಾಡೂಣ್ರಿ. ಕೈ ಮುಗೀತೇನಿ."

"ಆಮ್ಯಾಲ ಯಾಕ? ಈಗ!" ಸುಭಾಸ ಎರಡು ಗುಂಡಿ ಬಿಚ್ಚಿದ. ಟಿ.ವಿ.ಯ ಮುಂದೆ ಹೋಗಿ, ತನಗೆ ಬರುವ ಇಂಗ್ಲಿಷನ್ನೆಲ್ಲ ಒಟ್ಟು ಮಾಡಿ ಕೂಗಿದ, "ಬಿ! ವೈ! ಇ! ಸಾಲೋಟಾ ವಿನ್! ತ್ರೀ–ಜೀರೋ!"

ಯಾನಿಸ್ ಹುಬ್ಬು ಗಂಟಿಕ್ಕಿ ಯೋಚಿಸಿದ. ಬೆರಳಿನಿಂದ ಗಾಳಿಯಲ್ಲಿ ಅಕ್ಷರ ಬರೆದು ನೋಡಿದ. ಆಮೇಲೆ ಗಡ್ಡವೆಲ್ಲ ಅಲುಗುವಂತೆ ನಕ್ಕ. "ಬೈ! ಬೈ! ನೋ ಟೀಮ್. ನೋ ಮ್ಯಾಚ್. ಬೈ!"

ಹುಡುಗರಿಗೆ ಅರ್ಥವಾಗಲಿಲ್ಲ, ಮುದುಕ ಬೈ ಹೇಳಿ ಹೊರಟನೆಂದು ಕೆಲವರು ಟಾಟಾ ಮಾಡಿದರು. ಸುಭಾಸನಿಗೂ ಅರ್ಥವಾಗಲಿಲ್ಲ. ಆದರೆ ಅವನು ತಿರುಗಿದಾಗ ಶಿವಾನಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಓಡಿ ಬಂದು ಅವನ ತೋಳು ಹಿಡಿದಳು.

"ಅಪ್ಪಾ," ಅಂದಳು, ಕಿವಿಯಲ್ಲಿ. "ಬಾಗೇವಾಡ್ಯಾಗ ನಮಗ ಬಂತಲ್ಲಪಾ. ಅದು."

ಬಿ. ವೈ. ಇ. ಮೂರಕ್ಷರ ಒಂದಕ್ಕೊಂದು ಅಂಟಿಕೊಂಡು ಬೈ ಆದವು. ಎದುರಾಳಿ ಇರಲಿಲ್ಲ. ಮಳೆ ಬಂದಿರಲಿಲ್ಲ. ಕಿತ್ತುಹೋಗಲು ಬೂಟೇ ಇರಲಿಲ್ಲ. ಹದಿನೈದು ವರ್ಷ ಅವನು ಊರಿಗೆಲ್ಲ ಹೇಳಿದ ಗೆಲುವನ್ನು ಯಾರೂ ಆಡಿಯೇ ಇರಲಿಲ್ಲ. ಭೂಮಿ ಬಾಯಿ ಬಿಡಲಿ ಅನ್ನುತ್ತಾರಲ್ಲ, ಅದರ ಅರ್ಥ ಅವನಿಗೆ ಆಗ ತಿಳಿಯಿತು. ಬಿಚ್ಚಿದ ಗುಂಡಿ ಹಾಕಿಕೊಳ್ಳತೊಡಗಿದ, ಗುಂಡಿ ಕಾಜಾಕ್ಕೆ ಸಿಗಲಿಲ್ಲ. ಸಾವಿರ ಕಾಜಾ ಹೊಲಿದ ಕೈ!

ಅಷ್ಟರಲ್ಲಿ ಯಾನಿಸ್ ನಗು ನಿಲ್ಲಿಸಿ, ಟಿ.ವಿ.ಯಿಂದ ಹೊರಗೆ ಬರುವವನಂತೆ ಮುಂದಕ್ಕೆ ಬಾಗಿದ. ಬಿಳಿ ಅಂಗಿಯ ಸಂದಿನಲ್ಲಿ ಹಳದಿ ಕಂಡಿತ್ತು. ಕೈಮಾಡಿ, ತೆಗಿ ತೆಗಿ ಅಂದ. ತಬ್ರೇಜ ಮೆಲ್ಲಗೆ, "ತೋರಸ್ರಿ ಕಾಕಾ," ಅಂದ. ಚಿಂದಿಯಾಯಿತು ಎಂದು ಸುಳ್ಳು ಹೇಳಿದ ಅಂಗಿಯನ್ನು ಸುಭಾಸ ಅವನ ಕಣ್ಣೆದುರೇ ತೋರಿಸಬೇಕಾಯಿತು. ಮುದುಕ ಟೊಪ್ಪಿಗೆ ತೆಗೆದ. ಬಹಳ ಹೊತ್ತು ಏನೇನೋ ಮಾತಾಡಿದ. ನಡುವೆ ಜೆಲಸ್ ಎಂಬ ಮಾತು ಸುಭಾಸನಿಗೂ ಕೇಳಿಸಿತು. ಆ ಒಂದು ಮಾತು ಅವನಿಗೆ ಯಾವ ಭಾಷೆಯಲ್ಲಿ ಹೇಳಿದರೂ ತಿಳಿಯುತ್ತಿತ್ತು.

ತಬ್ರೇಜ ಜನರ ಕಡೆ ತಿರುಗಿದ. "ಅಜ್ಜಾರು ಹೇಳ್ತಾರ, ಈ ಅಂಗಿ ಆ ವರ್ಷದ್ದ. ಅದನ್ನ ತೊಟ್ಟ ನಮ್ಮ ಹುಡುಗರು ಎರಡನೇ ರೌಂಡಿಗೆ ಹೋದದ್ದು. ನಾ ಎಲ್ಲಾ ಸೋಲೂ ಕಣ್ಣಾರೆ ನೋಡೇನಿ ಅಂತಾರ. ಆದರ ಆ ಮ್ಯಾಚ ನೋಡಿದಾಂವ ನಮ್ಮ ಸಾಲೋಟಾದಾಗ ಒಬ್ಬನೂ ಇಲ್ಲ. ಇಂಡ್ಯಾಗ ಒಬ್ಬರು ಅದನ್ನ ನೋಡ್ಯಾರಂದ್ರ, ಅದೂ ಮೂರು–ಸೊನ್ನೆ, ನನಗ ಅವರ ಮ್ಯಾಲ ಹೊಟ್ಟಿಕಿಚ್ಚು ಆಗತೈತಿ ಅಂತಾರ." ಆಮೇಲೆ ಟಿ.ವಿ.ಯ ಕಡೆ ತಿರುಗಿ, ಮುದುಕ ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟ. ಅದರಲ್ಲಿ ಒಂದು ಹೆಸರಿತ್ತು. ಸುಭಾಸ.

ಚಪ್ಪಾಳೆ ಬಿತ್ತು. ಹುಡುಗರು ಸುಭಾಸನನ್ನು ಎಳೆದು ತಂದು ಖಾಲಿ ಕುರ್ಚಿಯಲ್ಲಿ ಕೂರಿಸಿದರು. ತಬ್ರೇಜ ಮಫ್ಲರನ್ನು ಅವನ ಕೊರಳಿಗೆ ಹಾಕಿ, "ಇದು ನಿಮಗಂತನ ಇಟ್ಟಿದ್ದೆರಿ," ಅಂದ. ಕುರ್ಚಿಯೋ ಮಫ್ಲರೋ, ಯಾವುದೆಂದು ಹೇಳಲಿಲ್ಲ. ಉಣ್ಣೆ ಚುಚ್ಚುತ್ತಿತ್ತು. ಮ್ಯಾಚು ಶುರುವಾಗುವ ಮುಂಚೆ ಸಾಲೋಟಾದ ಮೈಕು ಗೊರಗೊರ ಅಂದು, "ಸೂಬಾಸ್! ಇಂಡಿ!" ಎಂದು ಕೂಗಿತು. ಅಲ್ಲಿಯ ಜನ ಹೋ ಅಂದರು, ಇಲ್ಲಿಯ ಜನ ಹೋ ಅಂದರು. ಸುಭಾಸ ತಲೆ ಎತ್ತಲಿಲ್ಲ. ಜನ್ಮದಲ್ಲಿ ಒಮ್ಮೆ ಮೈಕಿನಲ್ಲಿ ಬಂದ ಹೆಸರು ಅವನಿಗೆ ಬೇರೆ ಯಾರದೋ ಅನ್ನಿಸಿತು. ಸಾಲೋಟಾ ಎರಡು ಗೋಲು ತಿಂದು ಎಂದಿನಂತೆ ಸೋತಿತು.

ಜನ ಕರಗಿದ ಮೇಲೆ ತಬ್ರೇಜ ವೈರು ಸುತ್ತುತ್ತಿದ್ದ. ಸುಭಾಸ ಹತ್ತಿರ ಹೋಗಿ ನಿಂತ.

"ನಿನಗ ಯಾವಾಗಿಂದ ಗೊತ್ತಿತ್ತು?"

ತಬ್ರೇಜ ವೈರಿನಿಂದ ಕಣ್ಣೆತ್ತಲಿಲ್ಲ. "ನಾ ಏಳನೇತ್ತ ಇದ್ದಾಗ ನಮ್ಮ ಸಾಲಿ ಟೀಮು ಮುದ್ದೇಬಿಹಾಳಕ್ಕ ಹೋಗಿತ್ತಲ್ರಿ. ಅಲ್ಲಿ ನಮಗ ಬೈ ಬಂತು. ಹಲಗಿ ಮ್ಯಾಲ ಅಕ್ಷರ ಬರದಿದ್ರು. ಅವತ್ತ ತಿಳೀತ್ರಿ."

"ಅವತ್ತಿಂದ?" ಅಂದ ಸುಭಾಸ. ಅವತ್ತಿನ ನಂತರವೂ ಈ ಹುಡುಗ ಚಿಂದಿಯ ಗುಡ್ಡೆಯ ಮೇಲೆ ಕೂತು ಎಷ್ಟೋ ಸಲ, ಬೂಟು ಕಿತ್ತಿದ್ದು ಹೇಳ್ರಿ ಅಂದಿದ್ದ. "ಮತ್ಯಾಕ ಹೇಳಲಿಲ್ಲೋ?"

"ಮೂರು–ಸೊನ್ನೆ ಚೊಲೋ ಇತ್ತಲ್ರಿ ಕಾಕಾ," ಅಂದ ತಬ್ರೇಜ.

ಇದಕ್ಕೆ ಏನು ಹೇಳುತ್ತೀರಿ? ಹುಡುಗ ಪಾರ್ಸಲ್ ಗೆದ್ದದ್ದನ್ನು ಸುಭಾಸ ಹೇಗೋ ನುಂಗಬಹುದಿತ್ತು. ಈಗ ನೋಡಿದರೆ ಒಳ್ಳೆಯತನದಲ್ಲೂ ಅವನೇ ಮುಂದಿದ್ದ, ಅದೂ ಏಳನೇ ತರಗತಿಯಿಂದ. ಹೊಟ್ಟೆಯ ಕಿಚ್ಚು ಆರಲಿಲ್ಲ. ಜಾಗ ಬದಲಿಸಿ ಎದೆಗೆ ಹತ್ತಿತು, ಅಷ್ಟೆ. ಸುಭಾಸ ಹಳೆಯ ಅಂಗಿಯನ್ನು ಅಲ್ಲೇ ಬಿಚ್ಚಿ, ಮಡಿಕೆ ಮಾಡಿ, ಹುಡುಗನ ಟೇಬಲ್ಲಿನ ಮೇಲಿಟ್ಟ. "ಹೆಗಲ ಹೊಲಿಗಿ ನೋಡು," ಅಂದ.

ಮನೆಯಲ್ಲಿ ಶಿವಾನಿ ಮೊದಲೇ ಬಂದು ತಿರುಗಿ ಮಲಗಿದ್ದಳು. ಅವಳು ಅವ್ವನಿಗೆ ಏನೂ ಹೇಳಿರಲಿಲ್ಲ. ಗಂಡನ ಮುಖ ನೋಡಿ ರೇಣವ್ವ ಹೆದರಿದಳು. ಊರ ಮುಂದೆ ತಬ್ರೇಜನನ್ನು ಕೆಣಕುವುದಾಗಿ ಅವನು ವಾರದಿಂದ ಹಲ್ಲು ಕಡಿಯುತ್ತಿದ್ದದ್ದು ಅವಳಿಗೆ ಗೊತ್ತಿತ್ತು.

"ಏನಾತ್ರಿ? ಎಲ್ಲಾರ ಮುಂದ ಬೈದನೇನು ಆ ಹುಡುಗ?"

ಸುಭಾಸ ಕೊರಳಿನ ಮಫ್ಲರು ತೆಗೆದು ಗೂಟಕ್ಕೆ ಹಾಕಿದ.

"ಬೈಲಿಲ್ಲ," ಅಂದ. "ಬೈ ಕೊಟ್ಟ."